‘ಅವಳೇ ಹೋದ್ಲು’ ಅನ್ನೋ ಮಾತು ಬಿಡೋಣ
(ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಕೆಲಸಕ್ಕೆ ಅಂತ ಹೋದ ಹುಡುಗಿಯ ಸುದ್ದಿ ಆರು ತಿಂಗಳಾದರೂ ಇಲ್ಲ ಅಂದರೆ ಊರಲ್ಲಿ ಏನಂತಾರೆ? “ಅವಳೇ ಹೋದ್ಲು, ನಾವೇನು ಮಾಡೋಕಾಗುತ್ತೆ?” ಸಂಘಗಳ ಭೇಟಿಗೆ ಹೋದ ಕಡೆ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಇವತ್ತು ಈ ಒಂದು ಮಾತಿನ ಬಗ್ಗೆಯೇ ಯೋಚನೆ ಮಾಡೋಣ.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ ಕೊರೆಸಿದರೂ ಎಷ್ಟೋ ಕಡೆ ಬೋರ್‌ವೆಲ್‌ನಲ್ಲಿ ನೀರಿಲ್ಲ, ಸಾಲ ಮಾತ್ರ ಉಳಿಯುತ್ತದೆ. ಮಗಳ ಮದುವೆಗೆ ಒಂದು ಸಾಲ, ಆಸ್ಪತ್ರೆಗೆ ಇನ್ನೊಂದು. ಅಂಥ ಹೊತ್ತಿಗೇ ಮೇಸ್ತ್ರಿಯೋ, ದೂರದ ನೆಂಟನೋ ಮುಂಗಡ ಹಿಡಿದು ಬರುತ್ತಾನೆ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ನಗರದ ಮನೆಗೆಲಸ, ಇಲ್ಲವೇ “ವರದಕ್ಷಿಣೆ ಬೇಡ” ಎನ್ನುವ ಗೊತ್ತುಗುರಿಯಿಲ್ಲದ ಗಂಡು. ಹುಡುಗಿ ತಲೆಯಾಡಿಸುತ್ತಾಳೆ. ಆದರೆ ಅವಳು ಒಪ್ಪಿದ್ದು ಕೆಲಸಕ್ಕೆ, ಮದುವೆಗೆ. ಮೋಸಕ್ಕೆ ಒಪ್ಪಿದ್ದಳಾ?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಆಮಿಷ, ಮೋಸ, ಬೆದರಿಕೆಯಿಂದ ಒಬ್ಬರನ್ನು ಶೋಷಣೆಗಾಗಿ ಸಾಗಿಸಿದರೆ ಅದು ಮಾನವ ಸಾಗಾಣಿಕೆ; ಅವರ ಒಪ್ಪಿಗೆ ಇತ್ತೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. 2013ರಲ್ಲಿ ದಂಡ ಸಂಹಿತೆಯ 370ನೇ ಕಲಮಿಗೆ ಇದು ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಕನಿಷ್ಠ 7 ವರ್ಷ ಕಠಿಣ ಸಜೆ. ಮಕ್ಕಳನ್ನು ಸಾಗಿಸಿದರೆ ಕನಿಷ್ಠ 10 ವರ್ಷ.

“ಮುಂಗಡ ತಗೊಂಡಿದ್ದೀವಲ್ಲ ಸಿಸ್ಟರ್, ತೀರಿಸಬೇಕಲ್ವಾ?” ಅಂತ ಕೇಳುತ್ತೀರಿ. ಬೇಡ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ಸತ್ತುಹೋದ ಸಾಲ. ಅದನ್ನು ವಸೂಲಿ ಮಾಡುವುದೇ ಅಪರಾಧ. ಜೀತದಿಂದ ಬಿಡಿಸಿದವರಿಗೆ ಬಿಡುಗಡೆ ಪತ್ರ ಸಿಗಬೇಕು. ಅದಕ್ಕೆ ತಹಶೀಲ್ದಾರರಿಗೂ ಉಪವಿಭಾಗಾಧಿಕಾರಿಗಳಿಗೂ ಅರ್ಜಿ ಕೊಡಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಸಾಗಾಣಿಕೆ ಅಥವಾ ಲೈಂಗಿಕ ಶೋಷಣೆಗೆ ಸಿಕ್ಕ ಹೆಂಗಸರಿಗೆ, ಮಕ್ಕಳಿಗೆ 3 ಲಕ್ಷ. ಬಿಡಿಸಿ ಕರೆತಂದರೆ ಸಾಲದು, ಆ ಪತ್ರ ಕೈಗೆ ಬರುವವರೆಗೂ ಸಂಘ ಬೆನ್ನು ಬಿಡಬಾರದು.

ಇರಲು ಜಾಗವಿಲ್ಲದ ಹೆಣ್ಣುಮಕ್ಕಳಿಗೆ ಶಕ್ತಿ ಸದನಗಳಿವೆ. ಹಿಂದಿನ ಉಜ್ವಲಾ ಮತ್ತು ಸ್ವಧಾರ ಗೃಹಗಳು 2022ರಲ್ಲಿ ಈ ಹೆಸರಿನಲ್ಲಿ ಒಂದಾದವು. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೂ ಸಾಗಾಣಿಕೆಗೆ ಒಳಗಾದವರಿಗೂ ಉಚಿತ ನೆರವಿದೆ, ಪರಿಹಾರಕ್ಕೂ ಅಲ್ಲೇ ಅರ್ಜಿ. ಸಿಕ್ಕವರು 18 ತುಂಬದ ಮಕ್ಕಳಾದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಸರ್ಕಾರ ಇಷ್ಟು ಬಾಗಿಲು ಇಟ್ಟಿದೆ. ತಟ್ಟುವವರು ಬೇಕು. ಅವಳ ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಿರುತ್ತಾರೆ. ಒಬ್ಬಳೇ ಠಾಣೆಗೆ ಹೋಗಲು ತಾಯಿಗೆ ಧೈರ್ಯ ಸಾಲದು, ಹದಿನೈದು ಜನ ಜೊತೆಗೆ ಹೋದರೆ ಧೈರ್ಯ ತಾನಾಗಿ ಬರುತ್ತದೆ.

ಈ ವಾರದಿಂದ ಮೂರು ಕೆಲಸ ಮಾಡಿ. ಉಳಿತಾಯ ಬರೆಯುವ ಪುಸ್ತಕದಲ್ಲಿ ಒಂದು ಪುಟ ಬಿಡಿ. ಊರಿಂದ ಯಾರು ಕೆಲಸಕ್ಕೆ ಹೋದರು, ಕರೆದೊಯ್ದವರು ಯಾರು, ವಿಳಾಸ, ಫೋನ್, ಹೇಳಿದ ಕೂಲಿ ಎಷ್ಟು, ಎಲ್ಲ ಬರೆಯಿರಿ. ಎರಡನೆಯದು, ಗ್ರಾಮ ಪಂಚಾಯಿತಿಯ ಕಾವಲು ಸಮಿತಿ ಸಭೆ ಸೇರುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಮೂರನೆಯದು, ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112, ಈ ನಂಬರುಗಳನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಕೊನೆಯದಾಗಿ ಒಂದು ಮಾತು. ತಪ್ಪಿಸಿಕೊಂಡು ಬಂದವಳನ್ನು ನಾಲ್ಕು ಜನರ ಮುಂದೆ “ಎಲ್ಲಿದ್ದೆ, ಏನಾಯ್ತು” ಅಂತ ಕೆದಕಬೇಡಿ. ಊಟ ಮಾಡಿದ್ಯಾ ಅಂತ ಕೇಳಿ. ಸಂಘದ ಸಭೆಗೆ ಕರೆಯಿರಿ, ಚಾಪೆ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಊರು ದೂರ ತಳ್ಳಿದರೆ, ಅವಳನ್ನು ಮಾರಿದವನು ಮತ್ತೆ ಬರುತ್ತಾನೆ. ಆಗ “ಅವಳೇ ಹೋದ್ಲು” ಅನ್ನೋಕೆ ನಮಗೆ ಯಾವ ಬಾಯಿದೆ?