ಒಂದು ದಿನದ ದಾರಿ ಹಿಂದಿರುಗಿ...
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ಮಸ್ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ದೀಪಗಳು ಉರಿಯುತ್ತಿವೆ, ಡಬ್ಬಿಯಲ್ಲಿ ಕಲ್‌ಕಲ್, ಕಜ್ಜಾಯ ಉಳಿದಿವೆ. ರಜೆ ಮುಗಿದ ಕೂಡಲೇ ಶಾಲೆ ತೆರೆಯುತ್ತದೆ. ಗೆಳೆಯರನ್ನು ಕಾಣುವ ಆತುರ ಬಹಳ ಮಕ್ಕಳಿಗೆ. ಕೆಲವರಿಗೆ ಮಾತ್ರ ಆ ದಿನವನ್ನು ನೆನೆದರೆ ಈಗಲೇ ಎದೆ ಹೊಡೆದುಕೊಳ್ಳುತ್ತದೆ. ಇಂದು ಅಂಥ ಮಕ್ಕಳ ಬಗ್ಗೆ ಮಾತಾಡಬೇಕೆನಿಸಿದೆ.

ಸಂತ ಲೂಕರ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಬಾಲಯೇಸುವಿಗೆ 12 ವರ್ಷ. ಪಾಸ್ಖ ಹಬ್ಬ ಮುಗಿಸಿ ಊರಿಗೆ ಹೊರಟ ಮರಿಯಮ್ಮನವರೂ ಜೋಸೆಫರೂ, ಮಗ ಜೊತೆಯವರ ಗುಂಪಿನಲ್ಲಿ ಇದ್ದಾನೆಂದು ಭಾವಿಸಿ ಒಂದು ದಿನದ ದಾರಿ ನಡೆದುಬಿಟ್ಟರು. ಆ ಪವಿತ್ರ ಕುಟುಂಬಕ್ಕೇ ಮಗ ಜೊತೆಯಲ್ಲಿಲ್ಲವೆಂದು ತಿಳಿಯಲು ಒಂದು ದಿನ ಹಿಡಿಯಿತು! ನಾವೂ ಹಾಗೆಯೇ. ಮಗ ಸಮವಸ್ತ್ರ ತೊಟ್ಟು ಚೀಲ ಹೊತ್ತರೆ ಸಾಕು, ಎಲ್ಲರ ಜೊತೆ ನಡೆಯುತ್ತಿದ್ದಾನೆಂದು ಭಾವಿಸುತ್ತೇವೆ.

ಕೆಲವು ವರ್ಷಗಳ ಹಿಂದೆ, ಪೂಜೆಯ ನಂತರ ಒಬ್ಬ ತಾಯಿ ಎಂಟನೇ ತರಗತಿಯ ಮಗನನ್ನು ಕರೆತಂದರು. "ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಭಾನುವಾರ ಚೆನ್ನಾಗಿರ್ತಾನೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಬಸ್ಸು ಹೋದ ಅರ್ಧ ಗಂಟೆಗೆ ಎಲ್ಲ ಸರಿ! ಬರೀ ನಾಟಕ" ಎಂದರು. ಹುಡುಗ ನೆಲ ನೋಡುತ್ತಾ ನಿಂತಿದ್ದ. "ಜಪಸರ ಮಾಡು ಮಗು, ಧೈರ್ಯ ಬರುತ್ತೆ" ಎಂದು ಹೇಳಿ ಕಳುಹಿಸಿದೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ಅದು ನನ್ನ ತಪ್ಪು.

ತಿಂಗಳ ನಂತರ ಮನೆಭೇಟಿಗೆ ಹೋದಾಗ ಅವನು ಶಾಲೆಯನ್ನೇ ಬಿಟ್ಟಿದ್ದ. ತಂದೆ ಎರಡು ಸಲ ಹೊಡೆದು ಎಳೆದೊಯ್ದಿದ್ದರು, ಆಮೇಲೆ ಸೋತು ಕೈಚೆಲ್ಲಿದ್ದರು. ಈ ಸಲ ಪಕ್ಕದಲ್ಲಿ ಕೂತು, "ಶಾಲೆಯಲ್ಲಿ ಯಾವ ಹೊತ್ತು ಬಹಳ ಕಷ್ಟ?" ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಏಳರವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮ. ಒಂದು ದಿನ ಎದ್ದು ನಿಂತು ಪಾಠ ಓದುವಾಗ ತಡವರಿಸಿದ್ದ, ತರಗತಿಯೆಲ್ಲ ನಕ್ಕಿತ್ತು. ಅಂದಿನಿಂದ ಶಾಲೆಯ ಗೇಟು ನೆನೆದರೇ ಹೊಟ್ಟೆ ಕಿವುಚುತ್ತಿತ್ತು.

ಪ್ರಿಯರೇ, ಆ ಹೊಟ್ಟೆನೋವು ನಾಟಕವಲ್ಲ. ಮನಸ್ಸು ಹೆದರಿದಾಗ ಹೊಟ್ಟೆ, ತಲೆ, ಎದೆ ನಿಜವಾಗಿಯೇ ನೋಯುತ್ತವೆ. ಮೊದಲು ವೈದ್ಯರಿಗೆ ತೋರಿಸಿ, ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮನೆಯಲ್ಲೇ ಉಳಿದರೆ ಮಗುವಿಗೆ ಆ ಹೊತ್ತು ಹಾಯೆನಿಸುತ್ತದೆ, ನಿಜ. ಆ ಹಾಯೇ ಭಯಕ್ಕೆ ಅನ್ನ ಹಾಕುತ್ತದೆ. ದಿನ ಕಳೆದಂತೆ ಗೇಟು ಇನ್ನೂ ದೂರವಾಗುತ್ತದೆ. ಆದ್ದರಿಂದ ಬೆತ್ತವೂ ಔಷಧವಲ್ಲ, "ಇರಲಿ ಬಿಡು" ಎಂಬ ಮುದ್ದೂ ಔಷಧವಲ್ಲ.

ಆ ಮನೆಯವರು ತರಗತಿಯ ಟೀಚರ್ ಜೊತೆ ಕೂತು ಮಾತಾಡಿದರು. ಎಲ್ಲರೆದುರು ಅವನಿಂದ ಓದಿಸುವುದು ಬೇಡ, ಪ್ರತ್ಯೇಕವಾಗಿ ಓದಿಸೋಣ ಎಂದು ಟೀಚರ್ ಒಪ್ಪಿದರು. ನಕ್ಕ ಮಕ್ಕಳಿಗೂ ತಿಳಿಹೇಳಿದರು. ಮೊದಲು ತಂದೆಯ ಜೊತೆ ಗೇಟಿನವರೆಗೆ ನಡಿಗೆ. ಆಮೇಲೆ ದಿನಕ್ಕೆ ಎರಡು ಪೀರಿಯಡ್, ಆಮೇಲೆ ಅರ್ಧ ದಿನ. ಮನೆಯಲ್ಲಿ ಉಳಿದ ಹೊತ್ತಿನಲ್ಲಿ ಟಿವಿ, ಮೊಬೈಲ್ ಇಲ್ಲ. ಎಂದಿನ ವೇಳೆಗೆ ಏಳುವುದು, ಪುಸ್ತಕ ತೆರೆಯುವುದು. ಕೆಲವು ವಾರ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೀಗೆ ಮೂರು ತಿಂಗಳು. ಪೂರ್ತಿ ದಿನ ಹೋಗತೊಡಗಿದ ಮೇಲೂ ಕೆಲವು ಸೋಮವಾರ ಅವನ ಮುಖ ಬಾಡುತ್ತಿತ್ತು. ಆದರೂ ಹೋಗುತ್ತಿದ್ದ.

"ವಿಶ್ವಾಸ ಕಡಿಮೆ, ಅದಕ್ಕೇ ಭಯ" ಎಂದು ದಯವಿಟ್ಟು ಯಾರೂ ಹೇಳಬೇಡಿ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೇ ಕಳವಳಗೊಂಡರು, ಜೊತೆಯಲ್ಲಿ ಎಚ್ಚರವಾಗಿರಿ ಎಂದು ಶಿಷ್ಯರನ್ನು ಬೇಡಿಕೊಂಡರು. ಜಪಸರವನ್ನು ಬಿಡಬೇಡಿ, ವೈದ್ಯರನ್ನೂ ಬಿಡಬೇಡಿ. ವೈದ್ಯರನ್ನು ಗೌರವಿಸಿರೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯವೇ ನಮಗೆ ಕಲಿಸುತ್ತದೆ. ಭಯ ವಾರಗಟ್ಟಲೆ ಇಳಿಯದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಸಾವಿನ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನೆರೆಯವರಲ್ಲಿ ಒಂದು ಬಿನ್ನಹ: ದೇವಾಲಯದ ಬಾಗಿಲಲ್ಲಿ ಅಂಥ ಮಗುವನ್ನು ಕಂಡಾಗ, "ಇನ್ನೂ ಶಾಲೆಗೆ ಹೋಗ್ತಿಲ್ವಾ?" ಎಂದು ಕೇಳಬೇಡಿ. "ಬಂದೆಯಾ ಮಗು, ಸಂತೋಷ" ಎನ್ನಿ, ಸಾಕು.

ಮೂರು ದಿನಗಳ ನಂತರ ಮಗ ಸಿಕ್ಕಾಗ ಮರಿಯಮ್ಮನವರು ಏಕೆ ಹೀಗೆ ಮಾಡಿದೆಯೆಂದು ಕೇಳಿದರು, ತಮ್ಮ ಸಂಕಟವನ್ನೂ ಹೇಳಿಕೊಂಡರು. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಅದನ್ನು ತಳ್ಳಿಹಾಕದೆ ಹೃದಯದಲ್ಲಿ ಇಟ್ಟುಕೊಂಡರು. ಬಳಿಕ ಮೂವರೂ ಒಟ್ಟಿಗೆ ನಜರೇತಿಗೆ ನಡೆದರು.

ಮಗು ಹಿಂದುಳಿದಿದೆಯೆಂದು ತಿಳಿದಾಗ ಮುಂದೆ ನಿಂತು ಕೂಗುವುದರಿಂದ ಆಗದು. ನಾವೇ ಹಿಂದಿರುಗಿ ಅದು ಇರುವಲ್ಲಿಗೆ ಹೋಗಬೇಕು. ಕೈಹಿಡಿದು, ಅದರ ನಡಿಗೆಗೆ ನಮ್ಮ ನಡಿಗೆ ಹೊಂದಿಸಿ ಕರೆತರಬೇಕು. ಆ ತಾಳ್ಮೆಯನ್ನು ಪವಿತ್ರ ಕುಟುಂಬವು ನಮ್ಮ ಮನೆಗಳಿಗೆ ಬೇಡಿಕೊಡಲಿ. ಆಮೆನ್.