ಜೋ ಲೂಯಿಸ್‌ನನ್ನು ಅಳೆಯುವ ಬಗೆ
(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿ, ನದಿನೀರು, ನವ್ಯ-ದಲಿತ ಸಾಹಿತ್ಯಗಳ ಚರ್ಚೆಗೆ ಒಗ್ಗಿಹೋದ ಈ ವೇದಿಕೆಯಿಂದ ಮುಷ್ಟಿಯುದ್ಧದ ಬಗ್ಗೆ ಮಾತನಾಡುತ್ತೇನೆಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ಹುಬ್ಬೇರಿಸಿದರು. ಆದರೆ ನಾವೆಲ್ಲ ದಸರೆಯ ಕುಸ್ತಿಯ ನಾಡಿನಿಂದ ಬಂದವರು. ಯಾವ ಪೈಲ್ವಾನ ದೊಡ್ಡವನೆಂದು ಗರಡಿಮನೆಯ ಜಗಲಿಯಲ್ಲಿ ಕುಳಿತು ವಾದಿಸಿದವರ ಮಕ್ಕಳು, ಮೊಮ್ಮಕ್ಕಳು. ಹೆವಿವೇಟ್ ಮುಷ್ಟಿಯುದ್ಧದ ಸಾರ್ವಕಾಲಿಕ ಶ್ರೇಷ್ಠ ಯಾರೆಂಬ ವಾದವೂ ಅದೇ ಜಾತಿಯದು. ಉತ್ತರ ಬಹಳ ಮಂದಿಯ ನಾಲಗೆಯ ತುದಿಯಲ್ಲೇ ಇದೆ: ಮಹಮ್ಮದ್ ಅಲಿ. 1980ರಲ್ಲಿ ಅವನು ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದ್ದು ಅಲ್ಲಿಯ ಹಿರಿಯ ಕನ್ನಡಿಗರಿಗೆ ನೆನಪಿದ್ದೀತು. ನಾನಿಂದು ವಕಾಲತ್ತು ವಹಿಸುತ್ತಿರುವುದು ಅವನಿಗಿಂತ ಒಂದು ತಲೆಮಾರು ಹಿಂದಿನ ಜೋ ಲೂಯಿಸ್‌ನ ಪರವಾಗಿ.

ಮೊದಲು ಅಳತೆಗೋಲಿನ ಪ್ರಶ್ನೆ. ಸೋಲಿಲ್ಲದಿರುವುದೇ ಶ್ರೇಷ್ಠತೆ ಎಂದಾದರೆ ರಾಕಿ ಮಾರ್ಸಿಯಾನೋ ಮುಂದೆ ಬೇರೆ ಹೆಸರೇ ನಿಲ್ಲದು. ಆಡಿದ 49 ಪಂದ್ಯಗಳನ್ನೂ ಗೆದ್ದು 1956ರಲ್ಲಿ ಅವನು ನಿವೃತ್ತನಾದ. ಆದರೆ ಅವನು ಗೆದ್ದ ದೊಡ್ಡ ಹೆಸರುಗಳಲ್ಲಿ ಹಲವರು ತಮ್ಮ ಮಧ್ಯಾಹ್ನವನ್ನು ದಾಟಿದ್ದರು. ಅವರಲ್ಲಿ ಲೂಯಿಸ್‌ನೂ ಒಬ್ಬ. ಇನ್ನು ಮೈಕಟ್ಟನ್ನು ಅಳೆಯುವುದು ವ್ಯರ್ಥ. ಲೂಯಿಸ್ ಸುಮಾರು 200 ಪೌಂಡಿನ ಆಳು. 2020ರಲ್ಲಿ ಪ್ರಶಸ್ತಿ ಗೆದ್ದ ಟೈಸನ್ ಫ್ಯೂರಿಯ ತೂಕ 270 ಪೌಂಡು ಮೀರಿತ್ತು. ಇಬ್ಬರನ್ನೂ ಒಂದೇ ಕಣಕ್ಕಿಳಿಸಿ ನೋಡುವುದು ಕಾಲಯಂತ್ರವಿದ್ದವರ ವಿನೋದ.

ನನ್ನ ಅಳತೆ ಬೇರೆ. ಪಟ್ಟವನ್ನು ಎಷ್ಟು ಕಾಲ, ಎಂಥವರೆದುರು, ಯಾವ ಭಾರ ಹೊತ್ತು ಉಳಿಸಿಕೊಂಡ ಎಂಬುದು. 1937ರ ಜೂನ್ 22ರಂದು ಷಿಕಾಗೋದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಪಟ್ಟವೇರಿದ ಲೂಯಿಸ್ ಅದನ್ನು 1949ರವರೆಗೆ, ಸುಮಾರು ಹನ್ನೆರಡು ವರ್ಷ, 25 ಸಲ ಉಳಿಸಿಕೊಂಡ. ಹೆವಿವೇಟ್ ವರ್ಗದಲ್ಲಿ ಆ ಸಂಖ್ಯೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಎದುರಾಳಿಗಳು ದುರ್ಬಲರಾಗಿದ್ದರು, ತಿಂಗಳಿಗೊಬ್ಬ ಬಡಪಾಯಿಯನ್ನು ಬಡಿದ ಎಂದು ಪತ್ರಕರ್ತರು ಹಾಸ್ಯ ಮಾಡಿದ್ದುಂಟು. ಹಾಸ್ಯದಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕಾರ್ನೆರಾ, ಮ್ಯಾಕ್ಸ್ ಬೇರ್, ಷಾರ್ಕಿ, ಬ್ರಾಡಕ್, ಷ್ಮೆಲಿಂಗ್, ವಾಲ್ಕಾಟ್: ಹೆವಿವೇಟ್ ಪಟ್ಟವನ್ನು ಒಮ್ಮೆಯಾದರೂ ಧರಿಸಿದ ಈ ಆರು ಜನರನ್ನೂ ಅವನು ಸೋಲಿಸಿದ್ದಾನೆಂಬುದನ್ನು ಆ ಹಾಸ್ಯ ಮರೆಸುತ್ತದೆ. ವಾಲ್ಕಾಟ್‌ನೊಡನೆ 1947ರಲ್ಲಿ ನಡೆದ ಮೊದಲ ಪಂದ್ಯದ ತೀರ್ಪು ಲೂಯಿಸ್‌ಗೆ ದಕ್ಕಿದ್ದು ಅನ್ಯಾಯವೆಂದು ಕಂಡವರು ಬಹಳ. ನನಗೂ ಅದು ಅನುಮಾನಾಸ್ಪದವೇ. ಮರುವರ್ಷ ಹನ್ನೊಂದನೆಯ ಸುತ್ತಿನಲ್ಲಿ ಅವನನ್ನು ಕೆಡವಿದ್ದರಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ.

ಭಾರದ ಮಾತಿಗೆ ಬರುತ್ತೇನೆ. ಮೊದಲ ಕರಿಯ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ (1908–1915) ಬಿಳಿಯರನ್ನು ಸೋಲಿಸಿ ನಕ್ಕ, ಬಿಳಿಯ ಹೆಂಗಸರನ್ನು ಮದುವೆಯಾದ. 1913ರಲ್ಲಿ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರಲ್ಲಿ, ಅವನು ಸತ್ತು ಏಳು ದಶಕಗಳಾದ ಮೇಲೆ. ಜಾನ್ಸನ್‌ನ ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ಯಾವ ಕರಿಯನಿಗೂ ಪಟ್ಟದ ಪಂದ್ಯ ಗೆಲ್ಲುವ ಯೋಗ ಬರಲಿಲ್ಲ. ಆದ್ದರಿಂದ ಅಲಬಾಮಾದ ಹತ್ತಿಹೊಲದ ಸೀಮೆಯಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದ ಲೂಯಿಸ್‌ಗೆ ಅವನ ವ್ಯವಸ್ಥಾಪಕರು ಕಟ್ಟುಪಾಡು ವಿಧಿಸಿದರು: ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸಿನೊಡನೆ ಚಿತ್ರ ತೆಗೆಸಿಕೊಳ್ಳಬಾರದು. ಮುಖದಲ್ಲಿ ಭಾವವಿಲ್ಲದ ಆ ಪ್ರಸಿದ್ಧ ಚಿತ್ರಗಳನ್ನು ಈ ಬೆಳಕಿನಲ್ಲಿ ನೋಡಬೇಕು.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ. ಎಡಗೈಯ ಗುದ್ದಿನ ನಂತರ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾನೆಂಬ ಲೋಪವನ್ನು ಅವನು ಮೊದಲೇ ಗುರುತಿಸಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವ ಜಾತಿಯವನಲ್ಲ ಲೂಯಿಸ್. ಪಟ್ಟ ಸಿಕ್ಕಮೇಲೂ, ಷ್ಮೆಲಿಂಗ್‌ನನ್ನು ಸೋಲಿಸುವವರೆಗೆ ತಾನು ಚಾಂಪಿಯನ್ ಅಲ್ಲವೆಂದ. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಆ ಲೆಕ್ಕ ಚುಕ್ತಾ ಆಗಲು ಹಿಡಿದದ್ದು 124 ಸೆಕೆಂಡು. ನಾಜಿ ಜರ್ಮನಿ ಷ್ಮೆಲಿಂಗ್‌ನನ್ನು ಜನಾಂಗ ಶ್ರೇಷ್ಠತೆಯ ಪ್ರತಿಮೆ ಮಾಡಿತ್ತು. ಆತ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ಅದೇ ವರ್ಷ ಇಬ್ಬರು ಯೆಹೂದಿ ಹುಡುಗರನ್ನು ಅಡಗಿಸಿ ಕಾಪಾಡಿದ. ಅಂದು ಕಣದಲ್ಲಿದ್ದವರು ಇಬ್ಬರು ಸಭ್ಯರು; ದ್ವೇಷವಿದ್ದದ್ದು ಹೊರಗೆ.

ಈಗ ಸೋಲುಗಳು. ಲೂಯಿಸ್‌ನ ವೃತ್ತಿಜೀವನದಲ್ಲಿ ಒಟ್ಟು ಮೂರು. ಷ್ಮೆಲಿಂಗ್ ಬಿಟ್ಟರೆ 1950ರಲ್ಲಿ ಎಜರ್ಡ್ ಚಾರ್ಲ್ಸ್, 1951ರಲ್ಲಿ ಮಾರ್ಸಿಯಾನೋ. ನಿವೃತ್ತನಾದವನು ಮರಳಿದ್ದೇಕೆ? 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ಅವನು ನೌಕಾದಳದ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ಕರಿಯರನ್ನು ಬೇರೆಯೇ ಇಟ್ಟಿದ್ದ ಸೇನೆಗೆ ತಾನೂ ಸೇರಿದ. ತೆರಿಗೆಯವರು ಆ ಹಣವನ್ನೂ ಅವನ ಆದಾಯಕ್ಕೇ ಸೇರಿಸಿದರು. ದುಂದುವೆಚ್ಚ, ಅಂದಿನ ತೆರಿಗೆಯ ಏರುದರ, ಬಡ್ಡಿ ಎಲ್ಲ ಕೂಡಿ 1950ರ ಹೊತ್ತಿಗೆ ಬಾಕಿ ಐದು ಲಕ್ಷ ಡಾಲರು ದಾಟಿತು. ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನಾನು ಅಲ್ಲಿಯ ಅಧಿಕಾರಿಯನ್ನು ಸುಲಭವಾಗಿ ಹಳಿಯಲಾರೆ. ಹಣ ಮೊದಲು ಕೈಗೆ ಬಂದಿತೆಂದು ನಿಯಮ ಹೇಳಿದರೆ, ಅದು ನಂತರ ಎಲ್ಲಿಗೆ ಹೋಯಿತೆಂಬುದು ಟಿಪ್ಪಣಿಯಲ್ಲಿ ಬರುವುದಿಲ್ಲ. ನಾನೂ ಅಂಥ ಟಿಪ್ಪಣಿಗಳನ್ನು ಬರೆದವನೇ. ಆದರೆ ಸಾಲ ತೀರಿಸಲು 37ರ ಹರೆಯದಲ್ಲಿ ಕಣಕ್ಕಿಳಿದು, ಎಂಟನೆಯ ಸುತ್ತಿನಲ್ಲಿ ಹಗ್ಗಗಳ ನಡುವಿನಿಂದ ಹೊರಬಿದ್ದ ಮನುಷ್ಯನ ಸೋಲನ್ನು ಮಾರ್ಸಿಯಾನೋನ ಶ್ರೇಷ್ಠತೆಯ ಸಾಕ್ಷ್ಯವಾಗಿ ಸ್ವೀಕರಿಸಲು ನಾನು ಸಿದ್ಧನಿಲ್ಲ.

ಅಲಿಯ ಪ್ರಶ್ನೆ ಉಳಿಯಿತು. ಲಿಸ್ಟನ್, ಫ್ರೇಜಿಯರ್, ಫೋರ್‌ಮನ್: ಇಂಥ ಎದುರಾಳಿಗಳು ಲೂಯಿಸ್‌ಗೆ ಸಿಗಲಿಲ್ಲ. 1941ರಲ್ಲಿ ಹಗುರ ಮೈಯ ಬಿಲ್ಲಿ ಕಾನ್ ತನ್ನ ಕಾಲ್ಚಳಕದಿಂದಲೇ ಹನ್ನೆರಡು ಸುತ್ತು ಅವನನ್ನು ಕಾಡಿದ್ದ. ಹದಿಮೂರರಲ್ಲಿ ದುಡುಕಿ ಬಿದ್ದ. 1966ರ ಅಲಿ ಹಾಗೆ ದುಡುಕುತ್ತಿರಲಿಲ್ಲ. ಒಂದು ರಾತ್ರಿಯ ಪಂದ್ಯವಾದರೆ ಅಲಿ ಗೆಲ್ಲುತ್ತಿದ್ದನೆಂದೇ ನನ್ನ ಅಂದಾಜು. ಆದರೆ 1967ರಲ್ಲಿ ಸೇನೆಗೆ ಸೇರಲೊಲ್ಲೆನೆಂದು ಪಟ್ಟ ಕಳೆದುಕೊಂಡ ಅಲಿಯ ದಿಟ್ಟತನವನ್ನು ಹೊಗಳಲು ಲೂಯಿಸ್‌ನನ್ನು ಬಿಳಿಯರ ವಿಧೇಯ ಸೇವಕನೆಂದು ಹಳಿಯುವುದು ಸಲ್ಲದು. ಲೂಯಿಸ್ ಅಲಿಯನ್ನು ಬಹಿರಂಗವಾಗಿ ಟೀಕಿಸಿದ, ಅದು ಅವನ ತಪ್ಪು. ಆದರೂ ಕರಿಯನೊಬ್ಬ ಬಾಯಿ ತೆರೆದರೆ ಪಟ್ಟವೇ ಸಿಗದಿದ್ದ ಕಾಲದಲ್ಲಿ ಬಾಯಿ ಮುಚ್ಚಿ ಗೆದ್ದವನಿಂದಲೇ, ಮುಂದೆ ಬಾಯಿ ತೆರೆಯುವವನಿಗೆ ಕಣ ಸಿಕ್ಕಿತು.

ಹಾಗಾಗಿ ಹೋರಾಟಗಾರನಾಗಿ ಅಲಿ ಮೊದಲಿಗ, ಪಟ್ಟಾಧಿಕಾರಿಯಾಗಿ ಲೂಯಿಸ್. ಮಾರ್ಸಿಯಾನೋ ಇವರಿಬ್ಬರಿಗೂ ಒಂದು ಮೆಟ್ಟಿಲು ಕೆಳಗೆ. ಒಪ್ಪದವರು ಚಹಾದ ವೇಳೆಗೆ ನನ್ನನ್ನು ಮೂಲೆಗೊತ್ತಬಹುದು. ಒಂದು ಸಂಗತಿ ಹೇಳಿ ಮುಗಿಸುತ್ತೇನೆ. 1981ರ ಏಪ್ರಿಲ್‌ನಲ್ಲಿ ಲೂಯಿಸ್ ತೀರಿಕೊಂಡಾಗ ಆರ್ಲಿಂಗ್‌ಟನ್ನಿನ ಸೈನಿಕ ಶ್ಮಶಾನದಲ್ಲಿ ಅವನನ್ನು ಹೂಳಲು ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿದರು. ಅಂತ್ಯಕ್ರಿಯೆಯ ವೆಚ್ಚದಲ್ಲಿ ಒಂದು ಪಾಲನ್ನು ಕೊಟ್ಟವನು ಮ್ಯಾಕ್ಸ್ ಷ್ಮೆಲಿಂಗ್.