ದೊಡ್ಡಮನೆಗಳ ವ್ಯಾಜ್ಯ, ಉತ್ತವನ ಪಾಡು

(ಯಡಿಯೂರಿನಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಮನೆತನಗಳ ಜಮೀನು ಜಗಳದ ವಿಚಾರ ಮಾತಾಡುತ್ತೇವೆಂದಾಗ ನಿಮ್ಮಲ್ಲಿ ಕೆಲವರು, "ಅವರ ಮನೆ ಜಗಳ ನಮಗೇತಕ್ಕೆ? ನಮಗೆ ಇರುವುದು ಬಾಡಿಗೆ ಮನೆ, ತಳ್ಳುಗಾಡಿ, ಗಿರಣಿಯ ಪಾಳಿ" ಎಂದು ಕೇಳಿದಿರಿ. ಕೇಳಿದ್ದು ನ್ಯಾಯವೇ. ಆದರೆ ನಮ್ಮ ಪೈಕಿ ಮುಕ್ಕಾಲು ಜನರ ತಾತಂದಿರು ಹಳ್ಳಿಯಲ್ಲಿ ನೇಗಿಲು ಹಿಡಿದಿದ್ದವರು. ಅವರು ನೇಗಿಲು ಬಿಟ್ಟು ಪಟ್ಟಣದ ಗಿರಣಿಯ ಬಾಗಿಲಿಗೆ ಬಂದದ್ದು ಏಕೆ ಎಂದು ವಿಚಾರಿಸಿದರೆ, ಎಷ್ಟೋ ಕಡೆ ಯಾರೋ ಅಣ್ಣತಮ್ಮಂದಿರ ಪಾಲಿನ ಜಗಳ, ಯಾರದೋ ದತ್ತಕದ ವ್ಯಾಜ್ಯ, ಯಾರೋ ಮಾಡಿದ ಅಡವು ಸಿಕ್ಕುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಂತೆ, ದಾಯಾದಿಗಳ ಜಗಳದಲ್ಲಿ ಒಕ್ಕಲು ಬಡವಾಯಿತು. ಆದುದರಿಂದ ಇದು ನಮ್ಮ ವಿಚಾರವೇ.

ನಾವು ನಿಂತಿರುವ ನೆಲದಿಂದಲೇ ಆರಂಭಿಸೋಣ. ಯಡಿಯೂರು ಒಂದು ಹಳ್ಳಿ. ಅದಕ್ಕೊಂದು ಕೆರೆ. ಪಕ್ಕದಲ್ಲಿ ಸಿದ್ದಾಪುರ, ಬೈರಸಂದ್ರ, ನಾಗಸಂದ್ರ, ಎಲ್ಲವೂ ಹಳ್ಳಿಗಳೇ. 1945ರಲ್ಲಿ ಪಟ್ಟಣ ಅಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಆಯಿತು; 1948ರಲ್ಲಿ ಜಯನಗರದ ಬಡಾವಣೆಗೆ ಅಡಿಗಲ್ಲು ಬಿತ್ತು. ಹೊಲಗಳ ಮೇಲೆ ರಸ್ತೆ ಬಂತು, ನಿವೇಶನ ಬಂತು. ಹಳ್ಳಿಗಳ ಹೆಸರು ಮಾತ್ರ ಬಸ್ಸಿನ ಹಲಗೆಯಲ್ಲಿ ಉಳಿಯಿತು. ಹಾಗಾದರೆ ಆ ಹೊಲಗಳು ಅದಕ್ಕೂ ಮುಂಚೆ ಯಾರವು?

ಇಲ್ಲಿಂದ ದಕ್ಷಿಣಕ್ಕೆ ಬೇಗೂರು ಇದೆ. ಅಲ್ಲಿಯ ಒಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಸಾವಿರದ ನೂರು ವರ್ಷದ ಹಿಂದಿನ ಕಲ್ಲು. ಗಂಗರ ಎರೆಯಪನ ಪರವಾಗಿ ನಾಗತ್ತರನೆಂಬ ನಾಯಕ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದ ಮೇಲೆ ಕಾದಿ ಸತ್ತ. ಆಗ ಎರೆಯಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಬಿಟ್ಟುಕೊಟ್ಟ. ಹಳ್ಳಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಉಳುತ್ತಿದ್ದವರ ಹೆಸರಿಲ್ಲ. ಹಳ್ಳಿಯ ಜೊತೆಗೆ ಅವರೂ ಸೇರಿಹೋದರು, ಮನೆ ಮಾರಿದಾಗ ಬಾವಿಯೂ ಸೇರಿಹೋದ ಹಾಗೆ.

ಆ ಕಾಲದ ದೊಡ್ಡವರು ಜಮೀನಿಗಾಗಿ ಜಗಳವಾಡಿದರೆ ತೀರ್ಮಾನ ಹೇಗೆ? ಶಾಸನಗಳಲ್ಲಿ ದಿವ್ಯದ ಮಾತು ಬರುತ್ತದೆ. ಗೌಡಿಕೆ ನನ್ನದು, ಗಡಿ ನನ್ನದು ಎನ್ನುವವನು ಕಾದ ಕಬ್ಬಿಣ ಹಿಡಿಯಬೇಕು, ಇಲ್ಲವೆ ಕುದಿಯುವ ತುಪ್ಪದಲ್ಲಿ ಕೈ ಅದ್ದಬೇಕು. ಕೈ ಸುಡದಿದ್ದರೆ ಭೂಮಿ ಅವನದು. ಈಗ ನಮಗೆ ನಗು ಬರುತ್ತದೆ. ಆದರೆ ಒಂದು ಮಾತು ಗಮನಿಸಿ. ಕೈ ಸುಟ್ಟುಕೊಂಡವನಾಗಲಿ, ಸುಡದವನಾಗಲಿ, ಇಬ್ಬರೂ ಭೂಮಿ ಕೇಳುವ ಮನೆತನದವರೇ. ದಿವ್ಯಕ್ಕೆ ನಿಲ್ಲುವ ಯೋಗ್ಯತೆಯೂ ಒಕ್ಕಲಿಗೆ ಇರಲಿಲ್ಲ.

ಮುಂದೆ ಕೆಂಪೇಗೌಡರ ಮನೆತನದ ಆಳ್ವಿಕೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬೆಂಗಳೂರನ್ನು ಕಿತ್ತುಕೊಂಡ. ಅದು ಷಹಾಜಿಯ ಜಹಗೀರಿಯಾಯಿತು. 1687ರಲ್ಲಿ ಷಹಾಜಿಯ ಮಗ ಏಕೋಜಿ ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರುವ ಮಾತುಕತೆ ನಡೆಸುತ್ತಿದ್ದಾಗಲೇ ಮೊಗಲರ ಖಾಸಿಂಖಾನ ಬಂದು ಹಿಡಿದ. ಹಿಡಿದವನೇ ಅದೇ ಬೆಲೆಗೆ ಒಡೆಯರಿಗೆ ಬಿಟ್ಟುಕೊಟ್ಟ. ಮಾರಹೊರಟವನು ಒಬ್ಬ, ಹಿಡಿದವನು ಇನ್ನೊಬ್ಬ, ಹಣ ಕೊಟ್ಟವನು ಮತ್ತೊಬ್ಬ. ಇತ್ತ ಕೆಂಪೇಗೌಡರ ವಂಶಕ್ಕೆ ಮಾಗಡಿ ಉಳಿದಿತ್ತು. ಅದೂ 1728ರಲ್ಲಿ ಮೈಸೂರಿನ ವಶವಾಗಿ, ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಇಷ್ಟು ಸಲ ಒಡೆತನ ಬದಲಾದಾಗಲೂ ರಾಗಿ ಬಿತ್ತಿದ ಕೈ ಬದಲಾಗಲಿಲ್ಲ. ಕಂದಾಯ ಒಯ್ಯುವ ಕೈ ಬದಲಾಯಿತು, ಅಷ್ಟೆ.

ಇನ್ನು ಇನಾಮಿನ ಕಥೆ. ನಮ್ಮ ಹಿರಿಯರ ಬಾಯಲ್ಲಿ ಈಗಲೂ "ಜೋಡಿ ಗ್ರಾಮ" ಎಂಬ ಮಾತು ಕೇಳುತ್ತೇವೆ. ದೊರೆ ಒಬ್ಬನಿಗೆ ಹಳ್ಳಿಯನ್ನು ದಾನ ಕೊಡುತ್ತಾನೆ. ಕಂದಾಯ ಪೂರ್ತಿ ಮಾಫಿಯಾದರೆ ಸರ್ವಮಾನ್ಯ. ಸರ್ಕಾರಕ್ಕೆ ಒಂದು ಅಲ್ಪ ಭಾಗ ಕಟ್ಟಬೇಕಾದರೆ ಜೋಡಿ. ಎಂದೆಂದಿಗೂ ಬದಲಾಗದ ಮೊತ್ತ ಗೊತ್ತುಮಾಡಿದ್ದರೆ ಕಾಯಂಗುತ್ತ. ಕೆರೆ ಕಟ್ಟಿಸಿ ಕಾಪಾಡುವವನಿಗೆ ಕೊಟ್ಟದ್ದು ಕಟ್ಟುಕೊಡಗೆ. ದೊಡ್ಡ ಪ್ರಮಾಣದಲ್ಲಿ ನೋಡುವುದಾದರೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರೇ ಜಹಗೀರಿಯಾಗಿ ಬಂತು. 1860ರ ದಶಕದಲ್ಲಿ ಬ್ರಿಟಿಷರ ಆಡಳಿತ ಇನಾಂ ಕಮಿಷನ್ ಕೂರಿಸಿ, ಸನದು ತೋರಿಸಿ ಎಂದು ಕೇಳಿತು. ಅಲ್ಲಿಂದ ಮುಂದೆ ಕತ್ತಿಯ ಜಾಗಕ್ಕೆ ಕಾಗದ ಬಂತು.

ಇನಾಂದಾರ ಮನೆಗಳಲ್ಲಿ ಜಗಳ ಹುಟ್ಟುತ್ತಿದ್ದುದು ಹೇಗೆ? ಮೊದಲನೆಯದು ಪಾಲು. ಅಗ್ರಹಾರವನ್ನು ವೃತ್ತಿಗಳಾಗಿ ಹಂಚುತ್ತಿದ್ದರು. ಒಂದು ವೃತ್ತಿಗೆ ಮೂರು ಗಂಡುಮಕ್ಕಳಾದರೆ ಮೂರನೆಯ ಒಂದು ಪಾಲು. ಅವರ ಮಕ್ಕಳಿಗೆ ಒಂಬತ್ತನೆಯ ಒಂದು ಪಾಲು. ಪಾಲು ಚಿಕ್ಕದಾದಷ್ಟೂ ಜಗಳ ದೊಡ್ಡದು. ಎರಡನೆಯದು ದತ್ತಕ. ಮಕ್ಕಳಿಲ್ಲದವನು ಸತ್ತರೆ, ದತ್ತು ಸ್ವೀಕಾರ ಶಾಸ್ತ್ರಪ್ರಕಾರ ನಡೆಯಿತೋ ಇಲ್ಲವೋ ಎಂಬ ಮೊಕದ್ದಮೆ. ಮೂರನೆಯದು ಸಾಲ. ಊರಿನಲ್ಲಿ ವಾಸವೇ ಇಲ್ಲದ ಪಾಲುದಾರ ತನ್ನ ಪಾಲನ್ನು ಸಾಹುಕಾರನಿಗೆ ಅಡವಿಡುತ್ತಾನೆ. ಅವನು ಹರಾಜಿಗೆ ತರುತ್ತಾನೆ.

ಈ ಮೂರರಲ್ಲಿ ಯಾವುದು ನಡೆದರೂ ಒಕ್ಕಲಿನ ಪಾಡು ಒಂದೇ. ವಾರದ ರಾಗಿಯನ್ನು ಅಣ್ಣನ ಕಣಜಕ್ಕೆ ಅಳೆದುಕೊಟ್ಟರೆ ತಮ್ಮ ಬಾಕಿಯ ದಾವಾ ಹಾಕುತ್ತಾನೆ. ತಮ್ಮನಿಗೆ ಕೊಟ್ಟರೆ ಅಣ್ಣ ಜಮೀನು ಬಿಡಿಸುತ್ತಾನೆ. ರಸೀದಿ ಕೊಡುವ ಪದ್ಧತಿಯಿಲ್ಲ. ಕೊಟ್ಟದ್ದಕ್ಕೆ ದೇವರೇ ಸಾಕ್ಷಿ. ವ್ಯಾಜ್ಯದ ಖರ್ಚು ಹೆಚ್ಚಾದರೆ ವಾರವೂ ಹೆಚ್ಚು. ದಾವೆಯ ಕಾಗದದಲ್ಲಿ ಅವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆದರೆ ಎರಡು ಕಡೆಯ ವಕೀಲರ ಫೀಜೂ ಕೊನೆಗೆ ಅವನ ಕಣದಿಂದಲೇ ಹೊರಡಬೇಕು.

ಇದು ನಮ್ಮ ದೇಶದ ಶನಿ ಮಾತ್ರ ಎಂದು ತಿಳಿಯಬೇಡಿ. ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನಲ್ಲಿ ಹಳೆಯ ಪದ್ಧತಿಯಂತೆ ಗಂಡುಮಕ್ಕಳೆಲ್ಲರಿಗೂ ಸಮಪಾಲು. ಅಲ್ಲಿಯೂ ದಾಯಾದಿಗಳು ಹೊಡೆದಾಡಿಕೊಂಡರು. ಹದಿನೈದನೆಯ ಶತಮಾನದ ಕೊನೆಯಲ್ಲಿ ಮೆರೆದಿದ್ ಎಂಬ ಜಮೀನುದಾರ ತನ್ನ ಊರನ್ನೇ ಬಿಟ್ಟು, ದರೋಡೆಕೋರರು ತುಂಬಿದ್ದ ಬೆಟ್ಟದ ಸೀಮೆಗೆ ಹೋಗಿ ನೆಲಸಿದ. ಊರಿನಲ್ಲೇ ಉಳಿದರೆ ತನ್ನ ರಕ್ತಸಂಬಂಧಿಗಳನ್ನು ಕೊಲ್ಲಬೇಕು, ಇಲ್ಲವೆ ಅವರ ಕೈಯಲ್ಲಿ ಸಾಯಬೇಕು. ಅದಕ್ಕಿಂತ ಕಳ್ಳರ ಸಂಗಡ ಕಾದಾಡುವುದೇ ಲೇಸು ಎಂದು ಅವನ ಲೆಕ್ಕ. ಇದನ್ನು ಬರೆದಿಟ್ಟವನು ಅವನ ವಂಶದ ಗ್ವಿಡಿರಿನ ಸರ್ ಜಾನ್ ವಿನ್. 1536 ಮತ್ತು 1543ರ ಕಾನೂನುಗಳು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದುವು. ಸಮಪಾಲು ಹೋಗಿ ಹಿರಿಮಗನಿಗೇ ಆಸ್ತಿ ಎಂಬ ಇಂಗ್ಲಿಷ್ ಪದ್ಧತಿ ಬಂತು. ಜಗಳ ನಿಂತಿತೇ? ಇಲ್ಲ. ಕತ್ತಿ ಹಿಡಿದ ಮನೆತನಗಳು ವಕೀಲರನ್ನು ಹಿಡಿದುವು, ಲಂಡನ್ನಿನ ಸ್ಟಾರ್ ಚೇಂಬರ್ ನ್ಯಾಯಾಲಯದ ತನಕ ಹೋದುವು. ಪೂರ್ವಿಕನ ನೋವನ್ನು ಅಷ್ಟು ಚೆನ್ನಾಗಿ ಬರೆದ ಆ ಸರ್ ಜಾನ್, ತನ್ನ ಒಕ್ಕಲುಗಳ ಮೇಲೆಯೇ ಹಕ್ಕು ಸಾಧಿಸಲು ಹೆಣಗಿ, 1615ರಲ್ಲಿ ಗಡಿ ಪ್ರಾಂತದ ಮಂಡಲಿಯ ಛೀಮಾರಿಗೆ ಗುರಿಯಾದ.

ನಮ್ಮ ದಕ್ಷಿಣ ಕನ್ನಡದ ಗುತ್ತಿನ ಮನೆಗಳಲ್ಲಿ ಇನ್ನೊಂದು ರೀತಿ. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ, ಯಜಮಾನ ನೋಡಿಕೊಳ್ಳುತ್ತಾನೆ. ಒಬ್ಬರು ಕೇಳಿದ ಮಾತ್ರಕ್ಕೆ ಪಾಲಾಗುತ್ತಿರಲಿಲ್ಲ. 1949ರ ಅಳಿಯಸಂತಾನ ಕಾನೂನು ಬಂದ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕಾಯಿತು. ಹೀಗೆ ಒಂದು ಕಡೆ ಸಮಪಾಲು, ಒಂದು ಕಡೆ ಹಿರಿಮಗ, ಒಂದು ಕಡೆ ಹೆಣ್ಣಿನ ಸಂತತಿ. ಪದ್ಧತಿ ಮೂರು, ಜಗಳ ಒಂದೇ. ಏಕೆಂದರೆ ಮೂರು ಕಡೆಯೂ ಕೇಳಿದ ಪ್ರಶ್ನೆ ಒಂದೇ: "ಈ ಭೂಮಿಗೆ ವಾರಸುದಾರ ಯಾರು?" ಉಳುವವರು ಯಾರು ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಒಕ್ಕಲುಗಳೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯದಿಂದ ಹೊತ್ತಿದ ಕಿಡಿ ಸತ್ಯಾಗ್ರಹವಾಯಿತು. ಗಣಪತಿಯಪ್ಪ, ಗೋಪಾಲಗೌಡರು ಮುಂದೆ ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. 1954ರಲ್ಲಿ ಮೈಸೂರಿನ ವೈಯಕ್ತಿಕ ಇನಾಂ ರದ್ದಿಯಾತಿ ಕಾನೂನು, 1955ರಲ್ಲಿ ಧಾರ್ಮಿಕ ಇನಾಮಿನದು ಬಂತು. ಖದೀಂ ಒಕ್ಕಲು, ಕಾಯಂ ಒಕ್ಕಲು, ಅರೆಕಾಯಂ ಒಕ್ಕಲು ಎಂದು ವಿಂಗಡಿಸಿ ಹಕ್ಕು ಗೊತ್ತುಮಾಡಿದರು. ಆದರೆ ಇನಾಂದಾರ ತಾನೇ ಸಾಗುವಳಿ ಮಾಡುತ್ತಿದ್ದ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಾಗಿತ್ತು. ಅಂದಿನಿಂದ, ಜನ್ಮದಲ್ಲಿ ನೇಗಿಲು ಮುಟ್ಟದವರೂ "ಸ್ವಂತ ಸಾಗುವಳಿದಾರ"ರಾದರು!

ಕಡೆಗೆ, 1961ರ ಭೂಸುಧಾರಣಾ ಕಾನೂನಿಗೆ ದೇವರಾಜ ಅರಸರ ಸರ್ಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದ ವಶ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಭೂ ನ್ಯಾಯಮಂಡಲಿ ತೀರ್ಮಾನ ಮಾಡಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಇಟ್ಟರು. ಸಾವಿರ ವರ್ಷದ ಪ್ರಶ್ನೆ ಅಂದು ಬದಲಾಯಿತು: "ನಿನ್ನ ತಂದೆ ಯಾರು?" ಎಂದಲ್ಲ, "ನೀನು ಉಳುತ್ತಿದ್ದೆಯಾ?" ಎಂದು ಕೇಳಿದರು. ಅರ್ಜಿಯ ಕೊನೆಯ ದಿನ 1979ರ ಜೂನ್ 30ರ ವರೆಗೂ ಮುಂದಕ್ಕೆ ಹೋಯಿತು.

ಇಲ್ಲಿ ಒಂದು ತಮಾಷೆ ನೋಡಿ. ಅರ್ಧ ಗುಂಟೆಗಾಗಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದ ಮನೆತನಗಳು, ಭೂಮಿತಿಯ ಸುದ್ದಿ ಬಂದೊಡನೆ ಒಂದೇ ರಾತ್ರಿಯಲ್ಲಿ ರಾಜಿಯಾದುವು. ಅಣ್ಣ, ತಮ್ಮ, ಅಳಿಯ, ಹಾಲು ಕುಡಿಯುವ ಮಗು, ಎಲ್ಲರ ಹೆಸರಿಗೂ ಕಾಗದದ ಮೇಲೆ ಪಾಲಾಯಿತು. ಮಿತಿ ಮೀರಿದ ಜಮೀನು ಎಲ್ಲಿಯೂ ಇಲ್ಲ! ಅವರ ಜಗಳವೂ ಆಸ್ತಿಗಾಗಿಯೇ, ಅವರ ಒಗ್ಗಟ್ಟೂ ಆಸ್ತಿಗಾಗಿಯೇ.

ಲಾಭ ಎಲ್ಲರಿಗೂ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಕೂಲಿಯವನು ಗೇಣಿದಾರನಲ್ಲ, ಅವನಿಗೆ ಏನೂ ಬರಲಿಲ್ಲ. ಬಾಯಿಮಾತಿನ ಗೇಣಿಯನ್ನು ನಂಬಿದ್ದವನು ಸಾಕ್ಷಿಯಿಲ್ಲದೆ ಸೋತ. ಹೆಂಗಸು ನಾಟಿ ಮಾಡಿದಳು, ಕಳೆ ಕಿತ್ತಳು. ಪಹಣಿಯಲ್ಲಿ ಹೆಸರು ಗಂಡನದೇ ಬಂತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ ಕಟ್ಟನ್ನು 2020ರಲ್ಲಿ ಸಡಿಲಿಸಿದರು. ಹಣವಿದ್ದವನಿಗೆ ಬಾಗಿಲು ಮತ್ತೆ ತೆರೆಯಿತು.

ಪಟ್ಟಣದಲ್ಲಿ ನಡೆದಿರುವುದೂ ಅದೇ. ಬೆಂಗಳೂರು ಅರಮನೆಯ 472 ಎಕರೆ 16 ಗುಂಟೆಗಾಗಿ ಸರ್ಕಾರ 1996ರಲ್ಲಿ ಕಾನೂನು ಮಾಡಿತು. ರಾಜಮನೆತನ ನ್ಯಾಯಾಲಯಕ್ಕೆ ಹೋಯಿತು. ಕಾಲು ಶತಮಾನ ಕಳೆದರೂ ವ್ಯಾಜ್ಯ ಮುಗಿಯಲಿಲ್ಲ. ದೊಡ್ಡವರಿಗೆ ಕಾಯುವ ತಾಕತ್ತಿದೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಕೊಂಬು ಕೇಳಿ ಸಾವಿರಾರು ಜನ ಎದ್ದು ಹೋಗುತ್ತಿದ್ದ ಜಾಗದಲ್ಲಿ 2010ರಲ್ಲಿ ಮಾಲು ಎದ್ದಿತು. ನೆಲದ ಬೆಲೆ ಏರಿಸಿದ್ದು ಅಲ್ಲಿ ದುಡಿದವರ ಬೆವರು. ಬೆಲೆ ಎಣಿಸಿಕೊಂಡವರು ಬೇರೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಯಡಿಯೂರಿನ ಕೆರೆ ಉಳಿದಿದೆ. ಕೆರೆಗೆ ವಾರಸುದಾರನಿಲ್ಲ, ಹಾಗೆಂದು ನಾವು ಸುಮ್ಮನಿದ್ದರೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ.

ಸಂಗಾತಿಗಳೇ, ಇದರಿಂದ ನಾವು ಕಲಿಯಬೇಕಾದುದು ಎರಡು. ಒಂದು, ಕಾಗದ. ಬಾಡಿಗೆ ಕೊಟ್ಟರೆ ರಸೀದಿ ಕೇಳಿ. ಊರಿನಲ್ಲಿ ಅಂಗೈಯಗಲ ಜಮೀನಿದ್ದರೂ ಪಹಣಿ ತೆಗೆಸಿ ನೋಡಿ, ಹೆಂಡತಿಯ ಹೆಸರು, ತಂಗಿಯ ಪಾಲು ಸರಿಯಾಗಿ ಬಂದಿದೆಯೇ ವಿಚಾರಿಸಿ. ಖಾತೆ ಎಂಬುದು ತೆರಿಗೆಯ ಲೆಕ್ಕ, ಅದೇ ಹಕ್ಕುಪತ್ರವಲ್ಲ ಎಂಬುದನ್ನು ತಿಳಿದುಕೊಳ್ಳಿ. ಬೀದಿ ವ್ಯಾಪಾರ ಮಾಡುವವರಿಗೆ 2014ರ ಕಾನೂನಿದೆ. ಪ್ರಮಾಣಪತ್ರ ಕೇಳಿ ಪಡೆಯಿರಿ. ನಮ್ಮ ತಾತಂದಿರು ಸೋತದ್ದು ದುಡಿಮೆಯಲ್ಲಲ್ಲ, ದಾಖಲೆಯಲ್ಲಿ.

ಎರಡನೆಯದು, ಕೂಟ. ಕಾಗೋಡಿನ ಗೇಣಿದಾರ ಒಬ್ಬೊಬ್ಬನೇ ಹೋಗಿ ಕೇಳಿದ್ದರೆ ಕೊಳಗದ ಅಳತೆ ಇಂದಿಗೂ ಒಡೆಯನ ಕೈಯಲ್ಲೇ ಇರುತ್ತಿತ್ತು. ಜನ ಸೇರಿ ಕೇಳಿದುದರಿಂದ ವಿಧಾನಸೌಧಕ್ಕೆ ಕೇಳಿಸಿತು. ದೊಡ್ಡಮನೆಗಳು ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದಾಗ ನಾವು ಎರಡು ಪಂಗಡವಾಗಿ ಅವರ ಹಿಂದೆ ದೊಣ್ಣೆ ಹಿಡಿದು ನಿಂತದ್ದುಂಟು. ಇವರ ಕಡೆ, ಅವರ ಕಡೆ ಎಂದು ತಲೆ ಒಡೆದುಕೊಂಡದ್ದುಂಟು. ಅದು ಸಾಕು. ನೆಲದ ವಿಚಾರದಲ್ಲಿ ಯಾರ ಪರ ನಿಲ್ಲಬೇಕೆಂದು ಯಾರಾದರೂ ಕೇಳಿದರೆ, ಅಣ್ಣನ ಪರವೂ ಅಲ್ಲ, ತಮ್ಮನ ಪರವೂ ಅಲ್ಲ. ಅಲ್ಲಿ ದುಡಿಯುತ್ತಿರುವವನ, ಅಲ್ಲಿ ವಾಸವಾಗಿರುವವನ ಪರ ಎಂದು ಹೇಳೋಣ. ಆ ಹೆಸರು ದಾಖಲೆಗೆ ಸೇರುವ ತನಕ ಕೇಳುವುದನ್ನು ಬಿಡದಿರೋಣ.